ಥರ್ಟಿ-ಫಾರ್ಟಿಯ ಕಮಿಷನರ್

ಹಾಸನವನ್ನು ಬಡವರ ಊಟಿ ಅಂತಾರೆ. ಊಟಿಯ ಪಾಲು ಎಲ್ಲರಿಗೂ ಸಮನಾಗಿ ಸಿಕ್ಕಿದೆ, ಡಿಸೆಂಬರ್ ಬೆಳಗ್ಗೆ ಎದ್ದವರೆಲ್ಲ ಸ್ವೆಟರ್ ಹುಡುಕುತ್ತಾರೆ. ಬಡವರ ಪಾಲು ಎಲ್ಲಿದೆ ಅಂತ ನೋಡಬೇಕಿದ್ದರೆ ನಮ್ಮ ಬಡಾವಣೆಗೆ ಬನ್ನಿ. ಕತ್ತಲಾಗಿದ್ದರೆ ಟಾರ್ಚ್ ತನ್ನಿ. ಮಳೆ ಬಂದಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದು ಬನ್ನಿ.

ನಾನು ಮೊದಲು ಸೈಟ್ ಕೇಳಿದ್ದು ಸಾಲಗಾಮೆ ರಸ್ತೆಯ ಕಡೆ. ಏಜೆಂಟ್ ನನ್ನ ಮುಖ ನೋಡಿದ, ಆಮೇಲೆ ಬೈಕಿನ ಹರಿದ ಸೀಟು ನೋಡಿದ. ಅಲ್ಲಿಗೆ ನನ್ನ ಪಾಸ್‌ಬುಕ್ ಪೂರ್ತಿ ಓದಿ ಮುಗಿಸಿದ. ‘ನಿಮಗೇ ಅಂತ ಒಂದು ಬಜೆಟ್ ಲೇಔಟ್ ಐತೆ ಸಾರ್’ ಅಂದ.

ಬಜೆಟ್ ಲೇಔಟ್ ಹುಟ್ಟುವ ಲೆಕ್ಕ ಚೆನ್ನಾಗಿದೆ. ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. ಥರ್ಟಿ-ಫಾರ್ಟಿ ಸೈಟಿಗೆ 1,200. ರಸ್ತೆ, ಚರಂಡಿ, ಪಾರ್ಕು ಯಾವುದನ್ನೂ ಬಿಡದೆ ಹಂಚಿದರೂ 36ಕ್ಕಿಂತ ಜಾಸ್ತಿ ಸೈಟು ಬರುವುದಿಲ್ಲ. ನಮ್ಮ ಲೇಔಟ್ ಮಾಡಿದವರು ಎಲ್ಲವನ್ನೂ ಬಿಟ್ಟಿದ್ದೀವಿ ಅಂತ ಹೇಳಿಯೂ ಆ ಸಂಖ್ಯೆಯ ಹತ್ತಿರ ಬಂದಿದ್ದರು. ಹೇಗೆ ಅಂತ ಮನೆ ಕಟ್ಟಿದ ಮೇಲೆ ತಿಳಿಯಿತು. ನಕ್ಷೆಯಲ್ಲಿ 30 ಅಡಿ ಇರುವ ರಸ್ತೆಗೆ ಟೇಪ್ ಹಿಡಿದರೆ 18 ಅಡಿ. ಉಳಿದ 12 ಅಡಿಯಲ್ಲಿ ಯಾರದೋ ಅಡುಗೆಮನೆ ಇದೆ. ಒಗ್ಗರಣೆ ಘಮ ಬಂದಾಗಲೆಲ್ಲ ನನಗೆ ರಸ್ತೆ ನೆನಪಾಗುತ್ತದೆ.

ಪಾರ್ಕು ಮಾತ್ರ ಇದೆ. ಒಂದು ಕಲ್ಲುಬೆಂಚು, ಸೊಂಟದೆತ್ತರ ಕಾಂಗ್ರೆಸ್ ಗಿಡ. ಇದು ಮೊದಲು ಆಲೂಗಡ್ಡೆ ಹೊಲ. ಈಗಲೂ ಮುಂಗಾರು ಬಿದ್ದರೆ ಬೆಂಚಿನ ಪಕ್ಕ ನಾಲ್ಕೈದು ಆಲೂಗಡ್ಡೆ ಗಿಡ ತಾವಾಗಿ ಏಳುತ್ತವೆ. ಪಾಪ, ಭೂ ಪರಿವರ್ತನೆ ಆಗಿದೆ ಅಂತ ಅವಕ್ಕೆ ಯಾರೂ ಹೇಳಿಲ್ಲ ಅಂದುಕೊಂಡಿದ್ದೆ. ಆಗಿಲ್ಲ ಅಂತ ಅವಕ್ಕೆ ನನಗಿಂತ ಮೊದಲೇ ಗೊತ್ತಿತ್ತು.

‘ಏರ್‌ಪೋರ್ಟ್ ಹತ್ತೇ ನಿಮಿಷ ಸಾರ್’ ಅಂತಲೂ ಏಜೆಂಟ್ ಹೇಳಿದ್ದ. ಅದು ಸುಳ್ಳಲ್ಲ. ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2007ರಲ್ಲೇ ಶಂಕುಸ್ಥಾಪನೆ ಆಗಿದೆ. ವಿಮಾನ ಇಳಿಯುವುದು ತಡವಾದರೂ ಅದರ ಹೆಸರಿನಲ್ಲಿ ಸೈಟಿನ ರೇಟು ಯಾವತ್ತೋ ಮೇಲಕ್ಕೆ ಹಾರಿದೆ. ಊರಲ್ಲಿ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳು ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಕೆಲಸಕ್ಕೂ ಸೇರಿದರು. ಏಜೆಂಟರ ಬಾಯಲ್ಲಿ ಇನ್ನೂ ಅದೇ ಹತ್ತು ನಿಮಿಷ.

ಮನೆ ಗೃಹಪ್ರವೇಶವಾದ ವಾರದಲ್ಲೇ ನನಗೆ ಇನ್ನೊಂದು ಹುದ್ದೆಯೂ ಬಂತು. ನಮ್ಮ ಬಡಾವಣೆಯಲ್ಲಿ ಮನೆ ಕಟ್ಟಿದವನು ಬರೀ ಯಜಮಾನ ಅಲ್ಲ, ಅವನ 1,200 ಚದರ ಅಡಿಗೆ ಅವನೇ ಕಮಿಷನರ್. ಬೀದಿದೀಪ ಅಂದರೆ ನನ್ನ ಪೋರ್ಟಿಕೋದ ಬಲ್ಬು, ಕರೆಂಟ್ ಬಿಲ್ಲು ನನ್ನದೇ. ಲೋಕೋಪಯೋಗಿ ಅಂದರೆ ಪಕ್ಕದವರು ಹಳೇ ಗೋಡೆ ಒಡೆದಾಗ ‘ಆ ಇಟ್ಟಿಗೆ ಚೂರು ನಮ್ಮ ಗೇಟಿನ ಮುಂದೆ ಸುರೀರಿ’ ಅಂತ ಓಡಿ ಹೋಗಿ ಹೇಳುವುದು. ನೀರು ಸರಬರಾಜು ನನ್ನ ಹೆಂಡತಿಯ ಕೈಯಲ್ಲಿದೆ. ಟ್ಯಾಂಕರ್‌ನವನ ನಂಬರ್ ಅವಳ ಫೋನಿನಲ್ಲಿ ತವರುಮನೆಗಿಂತ ಮೇಲಿದೆ.

ನಲ್ಲಿ ಇಲ್ಲ ಅಂತಲ್ಲ, ಇದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಂದು ಸಲ ತೆಗೆಯುತ್ತಾರೆ, ಅದಕ್ಕಾದರೂ ದಿನಾಂಕ ಮೊದಲೇ ಹೇಳುತ್ತಾರೆ. ನಮ್ಮ ನಲ್ಲಿಗೆ ಪಂಚಾಂಗವೂ ಇಲ್ಲ. ಹೇಮಾವತಿ ಗೊರೂರಿನಲ್ಲಿ ತುಂಬಿ ತುಳುಕುವ ಫೋಟೋ ನೋಡುತ್ತಾ ಬಕೆಟ್ ಹಿಡಿದು ನಿಲ್ಲುತ್ತೇವೆ.

ಟ್ಯಾಂಕರ್ ಬಂದರೆ ಬೀದಿಗೆ ಹಬ್ಬ. ಅದರ ಕಪ್ಪು ಪೈಪಿಗೆ ನಡುವೆ ಒಂದು ಕಡೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದಾರೆ. ಅಲ್ಲಿಂದ ಸಣ್ಣಗೆ ನೀರು ಚಿಮ್ಮುತ್ತದೆ. ಎದುರು ಮನೆಯ ಅಜ್ಜಿ ಸರಿಯಾಗಿ ಅದರ ಕೆಳಗೆ ಒಂದು ಪಾತ್ರೆ ಇಡುತ್ತಾರೆ. ಒಂದು ದಿನ ಡ್ರೈವರ್ ಹೊಸ ಪೈಪ್ ತಂದಿದ್ದ. ಅಜ್ಜಿ ಅವನನ್ನು ಬೈದ ರೀತಿ ನೋಡಬೇಕಿತ್ತು, ಸರಕಾರಿ ನಲ್ಲಿ ಕಿತ್ತವನನ್ನೂ ಯಾರೂ ಹಾಗೆ ಬೈಯುವುದಿಲ್ಲ. ಮುಂದಿನ ಸಲ ಹಳೇ ಪೈಪೇ ಬಂತು.

ಇಷ್ಟಕ್ಕೂ ನಾವು ಯಾರಿಗೆ ಸೇರಿದವರು? ನಮ್ಮ ಬಡಾವಣೆಗೂ ಊರಿಗೂ ನಡುವೆ ಒಂದು ಮೋರಿ ಇದೆ. ಮೋರಿ ಆಚೆ ಒಂದು ಕಚೇರಿ, ಈಚೆ ಒಂದು ಕಚೇರಿ. ಹೆಸರು ಬರೆಯುವುದಿಲ್ಲ, ಬರೆದರೆ ಕೊನೇ ತಿರುವಿನಲ್ಲಿರುವ ಒಂದು ಕಂಬದ ದೀಪವೂ ಹೋಗುತ್ತದೆ. ಆಚೆಯವರು ‘ನಿಮ್ಮ ಫೈಲು ಇನ್ನೂ ಬಂದಿಲ್ಲ’ ಅಂತಾರೆ. ಈಚೆಯವರು ‘ಕಳಿಸಿ ಆಯ್ತಲ್ಲ’ ಅಂತಾರೆ. ಫೈಲು ಮೋರಿಯಲ್ಲೇ ಬಿದ್ದಿದೆಯೇನೋ ಅಂತ ಒಂದು ಸಲ ಬಗ್ಗಿ ನೋಡಿದ್ದೂ ಉಂಟು.

ಬೆಳಗ್ಗೆ ಕಸದ ಆಟೋ ಹಾಡು ಹಾಕಿಕೊಂಡು ಬರುತ್ತದೆ. ಮೋರಿಯ ತನಕ ಬಂದು ನಿಲ್ಲುತ್ತದೆ. ದಾಟಲು ಅದಕ್ಕೆ ಆದೇಶ ಇಲ್ಲ. ಹಾಗಾಗಿ ನಾವೇ ಬಕೆಟ್ ಹಿಡಿದು ಗಡಿ ದಾಟಬೇಕು. ಬನಿಯನ್ ಹಾಕಿದ ಗಂಡಸರು, ನೈಟಿ ಮೇಲೆ ಟವೆಲ್ ಹೊದ್ದ ಹೆಂಗಸರು, ಎಲ್ಲರೂ ಓಡುತ್ತಾರೆ. ವಾಕಿಂಗ್ ಹೋಗಿ ಅಂತ ಡಾಕ್ಟರ್ ಹೇಳಿದ್ದರು. ಆ ಲೆಕ್ಕದಲ್ಲಿ ಆರೋಗ್ಯ ಇಲಾಖೆಯೂ ನಮ್ಮಲ್ಲಿ ಚುರುಕಾಗಿಯೇ ಇದೆ.

ತೆರಿಗೆಯ ಆದೇಶಕ್ಕೆ ಮಾತ್ರ ಮೋರಿ ಅಡ್ಡ ಬರಲಿಲ್ಲ, ಒಂದೇ ನೆಗೆತಕ್ಕೆ ದಾಟಿತು. 2025ರ ಫೆಬ್ರುವರಿಯಲ್ಲಿ ನಮ್ಮಂಥ ಅನಧಿಕೃತ ಬಡಾವಣೆಗಳಿಗೆಲ್ಲ ಬಿ ಖಾತೆ ಕೊಡುವ ಆಂದೋಲನ ರಾಜ್ಯದಲ್ಲಿ ಶುರುವಾಯಿತು. ಮೊದಲ ವರ್ಷ ತೆರಿಗೆ ದುಪ್ಪಟ್ಟು. ಹಾಗಂತ ದುಡ್ಡು ಕಟ್ಟಿದರೆ ಸಕ್ರಮ ಆಯಿತು ಅಂತಲ್ಲ. ಸಕ್ರಮ ಮಾಡುವ ಯೋಜನೆ ಬೇರೆಯೇ ಇದೆ. ಅದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಸಿಕ್ಕಿ ಕೂತಿತು. ನಾವು ಅಕ್ರಮವೇ, ಆದರೆ ರಸೀದಿ ಇರುವ ಅಕ್ರಮ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರನ್ನು ‘ಬಿ ಅಂದ್ರೆ ಏನು ಸಾರ್?’ ಅಂತ ಕೇಳಿದೆ. ‘ನಪಾಸಾದ ಹುಡುಗನ ಹತ್ತಿರ ಡಬಲ್ ಫೀಸು ಇಸ್ಕೊಂಡು ಅದೇ ಕ್ಲಾಸಲ್ಲಿ ಕೂರಿಸೋದು ಕಣ್ರೀ’ ಅಂದರು. ಕ್ಯೂನಲ್ಲಿ ನನಗಿಂತ ಮುಂದೆ ನಿಂತಿದ್ದರು ಅವರು.

ಹೋದ ಭಾನುವಾರದ ಸಂಗತಿ ಹೇಳಲೇಬೇಕು. ಯುಜಿಡಿ, ಅಂದರೆ ಒಳಚರಂಡಿ, ಇಲ್ಲದ ಬಡಾವಣೆ, ಹಾಗಾಗಿ ಮನೆಗೊಂದು ಗುಂಡಿ. ಮೇಷ್ಟ್ರ ಮನೆ ಗುಂಡಿ ತುಂಬಿ, ಸಕ್ಕಿಂಗ್ ಗಾಡಿ ಕರೆಸಿದ್ದರು. ಅದೇ ಹೊತ್ತಿಗೆ ನನ್ನ ಹೆಂಡತಿ ಟ್ಯಾಂಕರ್ ಕರೆಸಿದ್ದಳು. ರಸ್ತೆಯ ಅರ್ಧ ಯಾರದೋ ಜಲ್ಲಿ ರಾಶಿ. ಉಳಿದ ಅರ್ಧದಲ್ಲಿ ಎರಡೂ ಗಾಡಿ ಮೂತಿಗೆ ಮೂತಿ ಕೊಟ್ಟು ನಿಂತವು. ಒಂದು ನೀರು ತುಂಬಿಸಲು ಬಂದದ್ದು, ಇನ್ನೊಂದು ತುಂಬಿಸಿಕೊಂಡು ಹೊರಟದ್ದು.

‘ನೀನ್ ಹಿಂದಕ್ ತಗೊಳಣ್ಣ.’

‘ಲೋಡ್ ಐತೆ, ನಾನ್ ಹಿಂದಕ್ ತಗೊಂಡು ಗುಂಡೀಗ್ ಬಿದ್ರೆ ಬೀದಿಗೆಲ್ಲ ಚೆಲ್ಲತೈತೆ. ಆಮೇಲ್ ನನ್ ಬೈಬ್ಯಾಡಿ.’

ಈ ಮಾತಿನಲ್ಲಿ ಸತ್ಯವಿತ್ತು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಅಜ್ಜಿ ಪಾತ್ರೆ ಸೆರಗಿನಲ್ಲಿ ಮುಚ್ಚಿಕೊಂಡರು. ಕಮಿಷನರುಗಳೆಲ್ಲ ಗೇಟಿಗೆ ಬಂದು ಸಲಹೆ ಕೊಡತೊಡಗಿದರು, ಯಾರೂ ತಮ್ಮ ಬೈಕ್ ಮಾತ್ರ ತೆಗೆಯಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಂದು ಕಾರು ಬಂದು ನಿಂತಿತು. ನಮ್ಮ ಏಜೆಂಟ್! ಜೊತೆಗೆ ಗಂಡ, ಹೆಂಡತಿ, ಒಂದು ಮಗು. ಅವನು ಇಳಿದು ಎರಡೂ ಗಾಡಿ ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

‘ನೋಡಿ ಸಾರ್, ಭಾನುವಾರನೇ ಇಷ್ಟು ಟ್ರಾಫಿಕ್ಕು. ಏರಿಯಾ ಡೆವಲಪ್ ಆಗ್ತಾ ಐತೆ’ ಅಂದ.

ಆ ಗಂಡ ನನ್ನ ಹತ್ತಿರ ಬಂದರು. ಅವರ ಅಂಗಿಯ ಕಾಲರ್ ಸವೆದಿತ್ತು. ಮೆಲ್ಲಗೆ, ಏಜೆಂಟಿಗೆ ಕೇಳಿಸದ ಹಾಗೆ, ‘ನೀರು ಹೇಗೆ ಸಾರ್ ಇಲ್ಲಿ?’ ಅಂದರು.

ನಾನು ನನ್ನ ಮನೆ ನೋಡಿದೆ. ಮುಂದಿನ ವರ್ಷ ಮಗಳ ಮದುವೆಗೆ ಇದನ್ನೇ ಮಾರುವ ಯೋಚನೆ ಇದೆ. ಅಕ್ಕಪಕ್ಕದ ಸೈಟು ಹೋದರೆ ರೇಟು ಏರುತ್ತದೆ.

‘ನೀರಿಗೇನೂ ತೊಂದರೆ ಇಲ್ಲ’ ಅಂದೆ. ‘ಫೋನ್ ಮಾಡಿದ್ರೆ ಮನೆ ಬಾಗಿಲಿಗೇ ಬರುತ್ತೆ.’

ಸಂಜೆ ಏಜೆಂಟ್ ಫೋನ್ ಮಾಡಿದ್ದ. ಅಡ್ವಾನ್ಸ್ ಕೊಟ್ಟು ಹೋದರಂತೆ. ಪಾರ್ಕಿನ ಪಕ್ಕದ ಸೈಟೇ ಬೇಕು ಅಂದರಂತೆ. ಮಗುವಿಗೆ ಆ ಆಲೂಗಡ್ಡೆ ಗಿಡ ಇಷ್ಟವಾಯಿತಂತೆ.