ಕಾಲು ಅವನದು, ಸೈಜು ಕೇಳೋದು ನನ್ನನ್ನ

ಮಳೆಗಾಲಕ್ಕೆ ಮುಂಚೆ ಗಂಬೂಟು ಬೇಕು ಅಂತ ನಮ್ಮ ಚಿಕ್ಕಪ್ಪನ ಮಗ ಮೇ ತಿಂಗಳಿಂದಲೇ ಹೇಳುತ್ತಿದ್ದ. ಅವನಿಗೆ 34 ವರ್ಷ. ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಕಲಿಕೆ ನಿಧಾನ, ಮುಖ ನೋಡಿದರೂ ಗೊತ್ತಾಗುತ್ತದೆ. ಕಣದಲ್ಲಿ ಕಾಫಿ ಹರಡಿದ್ದಾಗ ಮೋಡ ಕಟ್ಟಿದರೆ ಟಾರ್ಪಾಲು ಎಳೆಯಲು ಎಲ್ಲರಿಗಿಂತ ಮೊದಲು ಓಡುವವನು ಅವನೇ. ಆದರೂ ಊರಿಗೆಲ್ಲ ಅವನು ‘ಮಗು’. ತಲೆಕೂದಲು ಅಲ್ಲಲ್ಲಿ ನೆರೆತಿದೆ, ಮಗು ಮಾತ್ರ ಇನ್ನೂ ದೊಡ್ಡದಾಗಿಲ್ಲ. ಸರ್ಕಾರದ ಕಾಗದಗಳಲ್ಲಿ ಅವನು ಅಂಗವಿಕಲ ಆಗಿದ್ದ, ವಿಕಲಚೇತನ ಆದ, ವಿಶೇಷಚೇತನ ಆದ, 2015ರ ಕೊನೆಗೆ ಪ್ರಧಾನಿ ರೇಡಿಯೋದಲ್ಲಿ ಹೇಳಿದ ಮೇಲೆ ದಿವ್ಯಾಂಗನೂ ಆದ. ಯಾವುದು ಇಷ್ಟ ಅಂತ ಒಮ್ಮೆ ಕೇಳಿದೆ. "ನಂಗೆ ಹೆಸರಿದೆಯಲ್ಲ" ಅಂದ.

ಸರಿ, ಕುಶಾಲನಗರಕ್ಕೆ ಹೋದೆವು. ಅಂಗಡಿಯವರು ನನ್ನ ಮುಖ ನೋಡಿ, "ಇವರ ಸೈಜ್ ಎಷ್ಟು ಸಾರ್?" ಅಂದರು. ಕಾಲಿನ ಮಾಲೀಕ ಪಕ್ಕದಲ್ಲೇ, ಅದೇ ಕಾಲಿನ ಮೇಲೆ ನಿಂತಿದ್ದಾನೆ. "ಅವನನ್ನೇ ಕೇಳಿ" ಅಂದೆ. ಅವರು ಒಂದು ಕ್ಷಣ ಯೋಚಿಸಿ, ಅವನ ಕಡೆ ತಿರುಗಿ, ಆಚೆ ಗುಡ್ಡದಲ್ಲಿರುವವರನ್ನು ಕರೆಯುವ ಹಾಗೆ "ಎಷ್... ಟು... ನಂ... ಬರ್?" ಅಂತ ಕೂಗಿದರು.

"ಎಂಟು. ಯಾಕೆ ಕೂಗ್ತೀರಿ?" ಅಂದ.

ಅವನು ಹಳದಿ ಬೂಟು ಆರಿಸಿದ. ತಗೋ, ಅಂಗಡಿಯಲ್ಲಿ ಪಂಚಾಯ್ತಿ ಶುರು. ಕೊಡೆ ಕೊಳ್ಳಲು ಬಂದಿದ್ದ ಹಿರಿಯರೊಬ್ಬರು "ಹಳದಿಗೆ ಕೆಸರು ಕಾಣುತ್ತೆ, ಮಗುಗೆ ಕಪ್ಪು ಕೊಡ್ಸಿ" ಅಂದರು. ಕೊಡಿಸುವುದಂತೆ! ದುಡ್ಡು ಅವನ ಪಿಂಚಣಿಯದು, ಜೇಬು ಅವನದು, ನಾನು ಬಂದಿದ್ದು ಜೀಪು ಓಡಿಸಲು.

ಪಾಪ, ಅಂಗಡಿಯವರನ್ನು ದೂರುವುದಿಲ್ಲ. ಅದಕ್ಕೂ ಮೊದಲು ಬೆಳಿಗ್ಗೆ ಬ್ಯಾಂಕಿಗೆ ಹೋಗಿದ್ದೆವು. ಖಾತೆ ಅವನ ಹೆಸರಲ್ಲಿದೆ, ಚಿಕ್ಕಮ್ಮ ನೋಡಿಕೊಳ್ಳುತ್ತಾರೆ. ಅವನಿಗೆ ಒಂದು ಎಟಿಎಂ ಕಾರ್ಡು ಬೇಕಿತ್ತು. ಅಧಿಕಾರಿ ಕನ್ನಡಕ ಏರಿಸಿ, "ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ. ಇವರಿಗೆ ಕರಾರು ಮಾಡೋ ಶಕ್ತಿ ಇಲ್ಲ, 1872ರ ಕರಾರು ಕಾಯ್ದೆ ನೋಡಿ" ಅಂದರು.

ನನಗೆ ಖುಷಿಯಾಯಿತು, ಕಾಯ್ದೆ ಓದಿದವರು ಸಿಕ್ಕಿದರಲ್ಲ ಅಂತ. 2016ರದ್ದೂ ಒಂದಿದೆ ಸಾರ್, ಅಂಗವಿಕಲರ ಹಕ್ಕುಗಳ ಕಾಯ್ದೆ, ಅದರ 13ನೇ ಕಲಂನಲ್ಲಿ ಇವರೂ ಎಲ್ಲರ ಹಾಗೆ ಆಸ್ತಿ ಇಟ್ಟುಕೊಳ್ಳಬಹುದು, ಹಣಕಾಸು ತಾವೇ ನೋಡಿಕೊಳ್ಳಬಹುದು, ಸಾಲವನ್ನೂ ಪಡೆಯಬಹುದು ಅಂತಿದೆ ಅಂದೆ. ಅದು ಅವರಿಗೆ ಹೊಸ ಸುದ್ದಿ. 1872ರದ್ದು ಬಾಯಿಪಾಠ, 2016ರದ್ದು ಇನ್ನೂ ಘಾಟಿ ಹತ್ತಿಲ್ಲ. ಸಂಪಾಜೆ ಕಡೆ ರಸ್ತೆ ಕುಸಿದಾಗ ಲಾರಿಗಳು ಸಾಲಾಗಿ ನಿಲ್ಲುತ್ತವಲ್ಲ, ಅದರ ಹಿಂದೆ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು. ಹಾಗೆ ನೋಡಿದರೆ ಆ 1872ರ ಮುದುಕ ಕಾಯ್ದೆಯೂ, ಕರಾರು ಮಾಡುವ ಹೊತ್ತಿಗೆ ವಿಷಯ ಅರ್ಥವಾಗಿ ಒಳ್ಳೆಯದು ಕೆಟ್ಟದ್ದು ತೂಗಿ ನೋಡಬಲ್ಲರಾ ಅಂತಷ್ಟೇ ಕೇಳುತ್ತದೆ. ಮುಖ ನೋಡಿ ಭವಿಷ್ಯ ಹೇಳಿ ಅಂತ ಎಲ್ಲೂ ಬರೆದಿಲ್ಲ.

ಕೊನೆಗೆ ಅವರು ಒಂದು ಅರ್ಜಿ ಕೊಟ್ಟರು. ಇವರು ಸ್ವತಃ ವ್ಯವಹಾರ ಮಾಡಲು ಶಕ್ತರಲ್ಲ ಅಂತ ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಬೆರಳಿಟ್ಟು ತೋರಿಸಿ "ಇಲ್ಲಿ ಇವರದ್ದೇ ಒಂದು ಸಹಿ ಹಾಕ್ಸಿ" ಅಂದರು. ಸಹಿ ಮಾಡುವ ಯೋಗ್ಯತೆ ಇಲ್ಲ ಅನ್ನುವ ಕಾಗದಕ್ಕೆ ಅವನ ಸಹಿ ಮಾತ್ರ ನಡೆಯುತ್ತದೆ!

ಚುನಾವಣೆ ಬಂದಾಗ ನೋಡಬೇಕು. ಆಗ ಮಗು ಒಂದೇ ರಾತ್ರಿಯಲ್ಲಿ ದೊಡ್ಡವನಾಗುತ್ತಾನೆ. ಮೂರೂ ಪಕ್ಷದವರು ಅಂಗಳಕ್ಕೆ ಬಂದು ಕೈಮುಗಿದು "ಅಣ್ಣಾ, ನಿಮ್ಮ ಅಮೂಲ್ಯ ಮತ" ಅನ್ನುತ್ತಾರೆ. ಮಡಿಕೇರಿಗೋ ವಿರಾಜಪೇಟೆಗೋ ಯಾರು ಶಾಸಕರಾಗಬೇಕು ಅಂತ ತೀರ್ಮಾನಿಸಲು ಅವನ ಬುದ್ಧಿ ಧಾರಾಳ ಸಾಕು. ಖಾತೆಯಿಂದ ಐನೂರು ರೂಪಾಯಿ ತೆಗೆಯಲು ಮಾತ್ರ ಸಾಲದು.

ಇನ್ನು ನಮ್ಮ ಬುದ್ಧಿ! ಕರಿಮೆಣಸು ಕೆಜಿಗೆ 700ರ ಹತ್ತಿರ ಹೋದಾಗ ಸಾವಿರ ಮುಟ್ಟಲಿ ಅಂತ ಮೂಟೆ ಕಟ್ಟಿಟ್ಟು, ರೇಟು ಅರ್ಧಕ್ಕಿಳಿದ ಮೇಲೆ ಮಾರಿದವನು ನಾನೇ. ಯಾರೂ ನನ್ನನ್ನು ಗಾರ್ಡಿಯನ್ ಎಲ್ಲಿ ಅಂತ ಕೇಳಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡ ಮೇಲೂ ಇಳಿಜಾರು ಕಡಿದು ಹೋಂಸ್ಟೇ ಕಟ್ಟುವ ಪುಣ್ಯಾತ್ಮರಿಗೆ ಯಾವ ಸರ್ಟಿಫಿಕೇಟೂ ಬೇಡ. ತಪ್ಪು ಮಾಡುವ ಹಕ್ಕು ನಮಗೆ ಹುಟ್ಟಿನಿಂದಲೇ ಬಂದಿದೆ, ಅವನು ಮಾತ್ರ ಹಳದಿ ಬೂಟಿಗೂ ಪರೀಕ್ಷೆ ಪಾಸಾಗಬೇಕು.

ಅವನಿಗೆ ಸಹಾಯ ಬೇಡ ಅಂತಲ್ಲ. ಬೇಕು. ಲೆಕ್ಕ ಕಷ್ಟ. ಅದಕ್ಕೆ ಅವನ ಅಕ್ಕ ಮಾಡುವುದಿಷ್ಟೇ: ದುಡ್ಡನ್ನು ಊಟದ ಮೇಜಿನ ಮೇಲೆ ಕಟ್ಟು ಕಟ್ಟಾಗಿ ಇಡುತ್ತಾಳೆ. "ಇದು ಬೂಟಿಗೆ. ಇದು ರೀಚಾರ್ಜಿಗೆ. ಬೂಟು ತಗೊಂಡ್ರೆ ಈ ತಿಂಗಳು ಸಿನಿಮಾಗೆ ಉಳಿಯೋದು ಇಷ್ಟೇ, ನೋಡು." ಆಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತಾಳೆ. ಇದೇ ಕಷ್ಟದ ಭಾಗ, ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಬಂದಿಲ್ಲ. ಅವನು ನೋಟು ಆ ಕಡೆ ಈ ಕಡೆ ಸರಿಸಿ, ಹತ್ತು ನಿಮಿಷ ಯೋಚಿಸಿ, ಸಿನಿಮಾದ್ದನ್ನು ಬೂಟಿನ ಕಟ್ಟಿಗೆ ಸೇರಿಸಿದ. ಗಾರ್ಡಿಯನ್ ಅಂತ ಒಬ್ಬರನ್ನು ನೇಮಿಸಿದರೂ ಅವನ ಜೊತೆ ಕೂಡಿಯೇ ನಿರ್ಧರಿಸಬೇಕು, ಅವನ ಇಷ್ಟದಂತೆಯೇ ಆಗಬೇಕು, ಅದೂ ಇಂಥ ವಿಷಯಕ್ಕೆ ಇಷ್ಟು ಕಾಲ ಅಂತ ಆ 2016ರ ಕಾಯ್ದೆಯ 14ನೇ ಕಲಂ ಹೇಳುತ್ತದೆ. ಅಕ್ಕ ಅದನ್ನು ಓದಿಲ್ಲ.

ಎಟಿಎಂ ಕಾರ್ಡು ಇನ್ನೂ ಬಂದಿಲ್ಲ. ಬೂಟು ಬಂತು, ಹಳದಿಯದೇ. ಕೆಸರು ಕಾಣುತ್ತದೆ, ಸುಳ್ಳಲ್ಲ. ಮೊನ್ನೆ ಇಬ್ಬರೂ ತೋಟಕ್ಕೆ ಇಳಿದಾಗ, ನಾನೇ ಬಹಳ ಯೋಚಿಸಿ ಕೊಂಡ ಕಪ್ಪು ಬೂಟಿನೊಳಗೆ ಎರಡು ಜಿಗಣೆ. ಬಿಚ್ಚಿ ಕೂತು ಕುಣಿಯುತ್ತಿದ್ದೆ. ಅವನು ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದು, ಬಗ್ಗಿ, ನನ್ನ ಮುಖ ನೋಡಿದ.

"ಹಾಕ್ಲಾ ಅಣ್ಣ?"