ಲೇಕ್ ವ್ಯೂ ಅಂತ ನಂಬಿ ಹೋದ್ವಿ

ನಮ್ಮಮ್ಮಂಗೆ ಅಮೆರಿಕಾದಲ್ಲಿ ಗೊತ್ತಿದ್ದಿದ್ದು ಎರಡೇ ಊರು, ಒಂದು ನಾವಿರೋ ಕೊಲಂಬಸ್ಸು, ಇನ್ನೊಂದು ಕ್ಲೀವ್‌ಲ್ಯಾಂಡು. ಯಾಕಂದ್ರೆ ಅಲ್ಲಿ ತ್ಯಾಗರಾಜರ ಆರಾಧನೆ ಆಗತ್ತೆ, 1978ರಿಂದ ನಡೀತಿದೆ, ನಮ್ಮ ಕಡೆ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಹೋಗಿ ಹಾಡಿ ಬರ್ತಾರೆ. ಹಾಗಾಗಿ ಬಂದು ನಿದ್ದೆ ಸರಿಹೋಗೋಕ್ ಮುಂಚೇನೇ "ಯಾವಾಗ ಕರ್ಕೊಂಡ್ ಹೋಗ್ತೀಯೋ" ಅಂತ ಶುರು. ನಾನು ಭಾರಿ ಬುದ್ಧಿವಂತನ ಥರ ಜೂನ್‌ನಲ್ಲಿ ಎರಡು ದಿನಕ್ಕೆ ಹೋಟೆಲ್ ಬುಕ್ ಮಾಡಿದೆ. ಉತ್ಸವ ಆಗೋದು ಈಸ್ಟರ್ ಹೊತ್ತಿಗೆ, ಯಾವಾಗ್ಲೋ ಮುಗಿದಿದೆ ಅಂತ ಹೆಂಡತಿ ಹೇಳಿದ್ದು ಅರ್ಧ ದಾರಿ ಆದ್ಮೇಲೆ. ಅವಳಿಗೆ ಮೊದ್ಲೇ ಗೊತ್ತಿತ್ತಂತೆ, ನಾನು ಕೇಳ್ಲಿಲ್ವಂತೆ.

ಹೋಟೆಲ್ ರೂಮು "ಪಾರ್ಷಿಯಲ್ ಲೇಕ್ ವ್ಯೂ" ಅಂತಿತ್ತು, ಅದಕ್ಕೆ ಜಾಸ್ತಿ ದುಡ್ಡೂ ಕೊಟ್ಟಿದ್ದೆ. ಒಳಗೆ ಹೋಗಿ ಕರ್ಟನ್ ಸರಿಸಿದ್ರೆ ಎದುರಿಗೆ ನಾಲ್ಕಂತಸ್ತಿನ ಪಾರ್ಕಿಂಗು. ರಿಸೆಪ್ಷನ್ ಹುಡುಗ ಬಂದು ಪಾಪ ತುಂಬಾ ಮರ್ಯಾದೆಯಿಂದ ಕಿಟಕಿಯ ಎಡಮೂಲೇಲಿ ನಿಂತು ಬಲಗೆನ್ನೆ ಗಾಜಿಗೆ ಒತ್ತಿ ತೋರಿಸಿದ. ಹೌದು, ಎರಡು ಬಿಲ್ಡಿಂಗ್ ಮಧ್ಯೆ ಒಂದೂವರೆ ಇಂಚು ಈರಿ ಸರೋವರ ಇತ್ತು. ನಾವು ಮೂರು ಜನಾನೂ ಸರದಿ ಮೇಲೆ ಕೆನ್ನೆ ಒತ್ತಿ ನೋಡಿದ್ವಿ, ದುಡ್ಡು ಕೊಟ್ಟಿದೀವಲ್ಲ.

ಅಮ್ಮಂಗೆ ಕೆರೆ ಪೂರ್ತಿ ತೋರಿಸ್ಲೇಬೇಕು ಅನ್ನೋ ಹಟಕ್ಕೆ ಬಿದ್ದು ಮ್ಯಾಪಲ್ಲಿ "ಲೇಕ್ ವ್ಯೂ" ಅಂತ ಹೊಡೆದೆ. ಮೊದಲು ಬಂದಿದ್ದಕ್ಕೇ ಒಳ್ಳೇ ಸ್ಟಾರ್‌ಗಳಿದ್ವು, ಸರಿ ಅಂತ ಹೊರಟ್ವಿ. ಮ್ಯಾಪು ನೀರಿಂದ ದೂರ ದೂರ ಕರ್ಕೊಂಡು ಹೋಗ್ತಿದ್ರೂ ನಂಗೆ ಅನುಮಾನ ಬರ್ಲಿಲ್ಲ ನೋಡಿ, ಎತ್ತರದಿಂದ ತೋರಿಸ್ತಾರೇನೋ ಅನ್ಕೊಂಡೆ. ಒಳಗೆ ಹೋದ್ರೆ ಮರ, ಹುಲ್ಲು, ಹೂವು, ಎಷ್ಟು ಚೆನ್ನಾಗಿದೆ ಅಂದ್ರೆ ಅಮ್ಮ "ಲಾಲ್‌ಬಾಗ್ ಇದ್ದಂಗಿದೆ ಕಣೋ" ಅಂದ್ಲು, ಆಮೇಲೆ ಕಲ್ಲುಗಳು ಕಾಣಿಸ್ತು. ಲೇಕ್ ವ್ಯೂ ಅನ್ನೋದು ಸ್ಮಶಾನದ ಹೆಸರು! ಅವತ್ತು ಅಮಾವಾಸ್ಯೆ ಬೇರೆ.

ಬಂದಿದ್ದು ಬಂದಾಯ್ತು ಅಂತ ನೋಡಿದ್ವಿ. 1881ರಲ್ಲಿ ಗುಂಡೇಟಿಗೆ ಸತ್ತ ಪ್ರೆಸಿಡೆಂಟ್ ಗಾರ್ಫೀಲ್ಡ್‌ದು ಕೋಟೆ ಥರ ದೊಡ್ಡ ಸ್ಮಾರಕ ಇದೆ, ಅದರ ಬಾಲ್ಕನಿಯಿಂದ ದೂರದಲ್ಲಿ ನಿಜವಾಗ್ಲೂ ಕೆರೆ ಕಾಣತ್ತೆ, ಹೋಟೆಲ್‌ಗಿಂತ ವಾಸಿ. ಎಣ್ಣೆ ಸಾಹುಕಾರ ರಾಕ್‌ಫೆಲ್ಲರ್ ಇಲ್ಲೇ ಇರೋದು. ಬದುಕಿದ್ದಾಗ ಸಿಕ್ಕವರಿಗೆಲ್ಲ ಹತ್ತು ಸೆಂಟಿನ ನಾಣ್ಯ ಕೊಡ್ತಿದ್ನಂತೆ, ಈಗ ಜನ ಅವನ ಸಮಾಧಿಗೇ ನಾಣ್ಯ ಇಟ್ಟು ಹೋಗ್ತಾರೆ. "ಅಷ್ಟು ಇರೋವ್ನಿಗೇ ಇನ್ನೂ ಕೊಡ್ತಾರಲ್ಲೋ" ಅಂತ ಅಮ್ಮ.

ಆದ್ರೆ ಸ್ಮಶಾನಕ್ಕೆ ಹೋಗಿಬಂದ್ಮೇಲೆ ತಲೆಗೆ ನೀರು ಬೀಳ್ಬೇಕು, ಅದರಲ್ಲಿ ರಾಜಿ ಇಲ್ಲ. ಸೀದಾ ಎಡ್ಜ್‌ವಾಟರ್ ಬೀಚಿಗೆ. ಈ ಕಡೆಯಿಂದ ನೋಡಿದ್ರೆ ಆ ಕಡೆ ದಡಾನೇ ಇಲ್ಲ, ಅಲ್ಲಿ ಕೆನಡಾ ಇದೆಯಂತೆ. "ಇದನ್ನ ಕೆರೆ ಅಂತಾರೇನೋ ಯಾರಾದ್ರೂ" ಅಂತ ಅಮ್ಮ ಬಗ್ಗಿ ನೀರು ನಾಲಿಗೆಗೆ ಇಟ್ಕೊಂಡು ಉಪ್ಪಿಲ್ಲ ಅಂತ ಖಾತ್ರಿ ಮಾಡ್ಕೊಂಡ್ಲು. ಜೂನ್ ಆದ್ರೂ ನೀರು ಐಸು. ಮೂರು ಸಲ ತಲೆ ಮೇಲೆ ಪ್ರೋಕ್ಷಣೆ, ಗಂಗೇ ಚ ಯಮುನೇ ಚೈವ ಶ್ಲೋಕ, ಕೊನೆಗೆ ಈರಿಗೂ ಒಂದು ಜಾಗ.

ಚಿತ್ರಾನ್ನದ ಡಬ್ಬಿ ತೆಗೆದಿದ್ದೇ ತಡ, ಹೊಗೆ ಎದ್ದಂಗೆ ಹುಳ ಬಂದ್ವು. ಮಿಜ್ ಅಂತಾರೆ, ನೋಡೋಕೆ ಥೇಟ್ ಸೊಳ್ಳೆ, ಬೇಸಿಗೆ ಶುರುವಲ್ಲಿ ಕೆರೆ ತಳದಿಂದ ಲಕ್ಷಗಟ್ಟಲೆ ಎದ್ದು ಬರ್ತಾವೆ. ನಾನು ಟವೆಲ್ ಬೀಸ್ತಾ ಕುಣೀತಿದ್ರೆ ಪಕ್ಕದಲ್ಲಿ ಕೂತಿದ್ದ ಅಜ್ಜ ಆರಾಮಾಗಿ, ಅವು ಕಚ್ಚಲ್ಲ, ಕೆರೆ ಆರೋಗ್ಯವಾಗಿದೆ ಅನ್ನೋದಕ್ಕೆ ಅವೇ ಸಾಕ್ಷಿ ಅಂದ. ಕಚ್ಚದೇ ಇರೋ ಸೊಳ್ಳೆ! ಬೆಂಗಳೂರಲ್ಲಿ ಅರವತ್ತೈದು ವರ್ಷ ಕಳೆದೋಳಿಗೆ ಇದನ್ನ ನಂಬೋಕೇ ಆಗ್ಲಿಲ್ಲ. ಚಿತ್ರಾನ್ನದಲ್ಲಿ ಸಾಸಿವೆ ಯಾವ್ದು ಸಾಕ್ಷಿ ಯಾವ್ದು ಗೊತ್ತಾಗದೆ ಡಬ್ಬಿ ಮುಚ್ಚಿದ್ವಿ.

ಮಾರನೇ ದಿನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಮುಂದೆ, 1995ರಿಂದ ಇರೋ ಆ ಗಾಜಿನ ಪಿರಮಿಡ್ಡಿನ ಎದುರು ಫೋಟೋ ಆಯ್ತು, ಒಳಗೆ ಹೋಗ್ಲಿಲ್ಲ, ತ್ಯಾಗರಾಜರಿಗೆ ಅಂತ ಬಂದೋಳನ್ನ ಗಿಟಾರ್ ನೋಡು ಅನ್ನೋಕೆ ನಂಗೇ ಧೈರ್ಯ ಇರ್ಲಿಲ್ಲ. ಆರ್ಟ್ ಮ್ಯೂಸಿಯಂ ಫ್ರೀ, ಅಲ್ಲಿ ಚೋಳರ ಕಾಲದ ನಟರಾಜ ಇದಾನೆ. ಅಮ್ಮ ಅವನನ್ನ ನೋಡಿದ್ದೇ ಚಪ್ಪಲಿ ಬಿಟ್ಟು ಕೈಮುಗಿದ್ಲು. ಸೆಕ್ಯೂರಿಟಿ ಬಂದು ಮೆಲ್ಲಗೆ ಚಪ್ಪಲಿ ಹಾಕ್ಕೊಳ್ಳಿ ಅಂತ ಕೇಳ್ಕೊಂಡ. ದೇವರ ಮುಂದೆ ಚಪ್ಪಲಿ ಹಾಕ್ಕೊಳಿ ಅಂತ ಹೇಳಿಸ್ಕೊಂಡಿದ್ದು ಜೀವನದಲ್ಲಿ ಮೊದಲ್ನೇ ಸಲ.

ಸಂಜೆ ಬೋಟಲ್ಲಿ ಕಯಹೋಗಾ ನದಿ ಒಳಗೆ ಹೋದ್ವಿ. ಗೈಡ್ ಹುಡುಗಿ ಗಂಟಲು ತಗ್ಗಿಸಿ, 1969 ಜೂನ್ 22ಕ್ಕೆ ಈ ನದಿಗೆ ಬೆಂಕಿ ಬಿದ್ದಿತ್ತು ಅಂದ್ಲು. ಸುತ್ತ ಎಲ್ರೂ "ಓ" ಅಂದ್ರು. ನಾನು ಕನ್ನಡದಲ್ಲಿ ಹೇಳಿದ್ರೆ ಅಮ್ಮ ಕಡ್ಲೆಕಾಯಿ ಸುಲೀತಾ "ಅದೇನ್ ಮಹಾ, ನಮ್ಮ ಬೆಳ್ಳಂದೂರು ಕೆರೆ 2015ರಲ್ಲೂ ಹತ್ಕೊಂಡಿತ್ತು, 2018ರಲ್ಲೂ ಹತ್ಕೊಂಡಿತ್ತು, ಮಿಲಿಟರಿಯವರು ಬಂದು ಆರಿಸಿದ್ರು, ಹೇಳೋ ಅವಳಿಗೆ" ಅಂದ್ಲು. ಹೇಳಿದೆ. ಈ ಸಲ "ಓ" ಅಂದಿದ್ದು ಗೈಡು. "ಆಮೇಲೆ ಇವ್ರು ಏನ್ ಮಾಡಿದ್ರಂತೆ ಕೇಳು" ಅಂದ್ಲು. ದೇಶವೆಲ್ಲಾ ಗಲಾಟೆಯಾಗಿ 1972ರಲ್ಲಿ ನೀರಿನ ಕಾನೂನೇ ಬಂತು, ಈಗ ಮೀನು ವಾಪಸ್ ಬಂದಿವೆ, ಅಂದ್ಲು ಆ ಹುಡುಗಿ. ನೀವೇನ್ ಮಾಡಿದ್ರಿ ಅಂತ ನಮ್ಮನ್ನೂ ಕೇಳಿದ್ಲು. ಅಮ್ಮ ಒಂದು ನಿಮಿಷ ಸುಮ್ನಿದ್ದು, "ನಾವು ವಿಡಿಯೋ ತೆಗೆದು ವಾಟ್ಸಾಪ್‌ಗೆ ಹಾಕಿದ್ವಿ ಅನ್ನು" ಅಂದ್ಲು. ಇದನ್ನ ಮಾತ್ರ ಇಂಗ್ಲಿಷಿಗೆ ಹಾಕ್ಲಿಲ್ಲ.

ವಾಪಸ್ ಬರ್ತಾ ಕಾರಲ್ಲಿ ಚಿಕ್ಕಮ್ಮನ ಫೋನು. ಕ್ಲೀವ್‌ಲ್ಯಾಂಡಲ್ಲಿ ಏನೇನ್ ನೋಡಿದ್ರಿ ಅಂದಿದ್ದಕ್ಕೆ ಅಮ್ಮ ಸ್ಪೀಕರಲ್ಲೇ, "ಒಂದು ಸ್ಮಶಾನ ಇದೆ ಕಣೇ, ಅಷ್ಟ್ ಚೆನ್ನಾಗಿ ಇಟ್ಟಿದಾರೆ ಅಂದ್ರೆ, ನೀನೂ ಹೋಗ್ಬೇಕು" ಅಂದ್ಲು. ಆ ಕಡೆ ಚಿಕ್ಕಮ್ಮ ಕಟ್ ಮಾಡಿದ್ಲೋ ನೆಟ್‌ವರ್ಕ್ ಹೋಯ್ತೋ ಇನ್ನೂ ಗೊತ್ತಾಗಿಲ್ಲ.