ಕ್ಯಾಟ್: 99 ಪರ್ಸೆಂಟೈಲ್ ಎಂದರೆ 99 ಅಂಕವಲ್ಲ

"ಐಐಎಂ ಸೇರಲು ಕ್ಯಾಟ್‌ನಲ್ಲಿ ನೂರಕ್ಕೆ 99 ಅಂಕ ಬೇಕು. ಪದವಿಯಲ್ಲಿ ಶೇ 60 ಇಲ್ಲದವರು ಅರ್ಜಿಯನ್ನೇ ಹಾಕುವಂತಿಲ್ಲ" ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು. ಕ್ಯಾಟ್ ಎಂದರೆ ಐಐಎಂಗಳಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಎಂಬಿಎ ಓದಲು ಬರೆಯುವ ಪ್ರವೇಶ ಪರೀಕ್ಷೆ.

ಪರ್ಸೆಂಟೈಲ್ ಅಂಕಗಳ ಶೇಕಡಾವಾರು ಅಲ್ಲ, ಪರೀಕ್ಷೆ ಬರೆದವರ ಸಾಲಿನಲ್ಲಿ ನೀವು ನಿಂತಿರುವ ಜಾಗ. ಹಾಜರಾದವರ ಸಂಖ್ಯೆಯಿಂದ ನಿಮ್ಮ ರ‍್ಯಾಂಕ್ ಕಳೆದು, ಉಳಿದದ್ದನ್ನು ಅದೇ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. 2023ರಲ್ಲಿ ಸುಮಾರು 2.88 ಲಕ್ಷ ಮಂದಿ ಬರೆದಿದ್ದರು. ಅಲ್ಲಿ 99 ಪರ್ಸೆಂಟೈಲ್ ಎಂದರೆ ಹೆಚ್ಚುಕಡಿಮೆ 2,880ನೇ ಸ್ಥಾನ. ಆ ವರ್ಷದ ಪತ್ರಿಕೆ 66 ಪ್ರಶ್ನೆಗಳದ್ದು, 198 ಅಂಕಗಳದ್ದು. ಅದರ ಅರ್ಧದಷ್ಟು ಅಂಕ ಬಾರದೆಯೂ 99 ಪರ್ಸೆಂಟೈಲ್ ದಾಟಿದವರಿದ್ದಾರೆ. ಈ ಲೆಕ್ಕ ತಿಳಿಯದೆ ಹೆದರಿ ಕುಳಿತವರನ್ನು ಕಂಡರೆ ನಿಜಕ್ಕೂ ಬೇಸರವಾಗುತ್ತದೆ.

ಅರ್ಹತೆಯ ವಿಷಯಕ್ಕೆ ಬಂದರೆ, ಅಧಿಸೂಚನೆಯಲ್ಲಿ ಇರುವುದು ಪದವಿಯಲ್ಲಿ ಶೇ 50; ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 45. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಆದರೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕ ಮತ್ತು ಕೆಲಸದ ಅನುಭವಕ್ಕೆ ಎಷ್ಟು ತೂಕ ಎಂಬುದನ್ನು ಒಂದೊಂದು ಐಐಎಂ ತಾನೇ ನಿರ್ಧರಿಸುತ್ತದೆ. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲೇ.

ಇನ್ನೊಂದು ಮಾತು: ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಮಾತ್ರ 1 ಅಂಕ ಕಳೆಯುತ್ತಾರೆ. ಉತ್ತರವನ್ನು ಟೈಪ್ ಮಾಡುವ ಪ್ರಶ್ನೆಗಳಿಗೆ ಆ ದಂಡವಿಲ್ಲ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಅನುಮಾನವಿದ್ದರೆ ಕ್ಯಾಟ್‌ನ ಅಧಿಕೃತ ಜಾಲತಾಣದಲ್ಲಿ ಈ ವರ್ಷದ ಅಧಿಸೂಚನೆಯನ್ನೇ ಓದಿ.